ಯಜಮಾನ, ಯಜಮಾನಿ ಮತ್ತು ನಮ್ಮ ಲೆಕ್ಕದ ಪುಸ್ತಕ

ಸ್ತ್ರೀವಾದವೂ ಅದರ ಭಾಷೆಯೂ ವ್ಯಾಪಾರಸ್ಥರಿಗೇಕೆ ಬೇಕು?

ವಾಣಿಜ್ಯ ಸಂಸ್ಥೆಯ ಮಾಸಪತ್ರಿಕೆಯನ್ನು ಕೈಗೆತ್ತಿಕೊಳ್ಳುವ ಸದಸ್ಯ ಬಾಂಧವರು ತೆರಿಗೆಯ ತಿದ್ದುಪಡಿ, ಬ್ಯಾಂಕ್ ಸಾಲದ ಬಡ್ಡಿ, ಬೆಲ್ಲದ ಧಾರಣೆ, ವಿದ್ಯುತ್ ದರ ಮುಂತಾದ ಸಂಗತಿಗಳನ್ನು ನಿರೀಕ್ಷಿಸುವುದು ಸಹಜ. ಅಂಥ ಪುಟಗಳಲ್ಲಿ 'ಸ್ತ್ರೀವಾದ' ಎಂಬ ಶಬ್ದ ಕಂಡರೆ ಕೆಲವರಾದರೂ ಹುಬ್ಬೇರಿಸಬಹುದು. ನಮ್ಮ ಆಡುಮಾತಿನಲ್ಲಿ 'ವಾದ' ಎಂದೊಡನೆ ನೆನಪಾಗುವುದು ಜಗಳ ಅಥವಾ ನ್ಯಾಯಾಲಯ. ಆದಕಾರಣ ಸ್ತ್ರೀವಾದವೆಂದರೆ ಗಂಡಸರ ಮೇಲೆ ಹೆಂಗಸರು ಹೂಡಿದ ದಾವೆ ಎಂಬ ಭಾವನೆ ಅನೇಕರಲ್ಲಿ ಬೇರೂರಿದೆ. ವಾಸ್ತವದಲ್ಲಿ ಸಮಾಜವಾದ, ಗಾಂಧಿವಾದ ಎಂಬ ಪದಗಳಲ್ಲಿರುವಂತೆ ಇಲ್ಲಿಯೂ 'ವಾದ'ವೆಂದರೆ ಒಂದು ವಿಚಾರಕ್ರಮ. ಹೆಣ್ಣೂ ಗಂಡೂ ಹಕ್ಕಿನಲ್ಲಿ, ಅವಕಾಶದಲ್ಲಿ, ಗೌರವದಲ್ಲಿ ಸಮಾನರು. ಈ ಸಮಾನತೆಗೆ ಅಡ್ಡಿಯಾಗಿರುವ ಬಹುತೇಕ ಸಂಗತಿಗಳು ಮನುಷ್ಯರೇ ಕಟ್ಟಿಕೊಂಡ ಪದ್ಧತಿಗಳಾದ್ದರಿಂದ ಮನುಷ್ಯರೇ ಅವನ್ನು ತಿದ್ದಬಹುದು ಎಂಬುದೇ ಅದರ ತಿರುಳು.

ಈ ವಿಚಾರ ನಮ್ಮ ಕಸುಬಿಗೆ ಹೇಗೆ ಸಂಬಂಧಿಸಿದೆ? ಲೆಕ್ಕ ಬರೆಯುವ ಪ್ರತಿಯೊಬ್ಬರಿಗೂ ತಿಳಿದಿರುವ ಸಂಗತಿಯೊಂದುಂಟು. ಪುಸ್ತಕದಲ್ಲಿ ತಲೆಬರಹವಿಲ್ಲದ ಬಾಬ್ತು ಜಮೆಗೂ ಬರುವುದಿಲ್ಲ, ಖರ್ಚಿಗೂ ಬರುವುದಿಲ್ಲ. ಅದು ಎಲ್ಲೋ ಸೋರಿಹೋಗಿ ವರ್ಷಾಂತ್ಯದಲ್ಲಿ ಕಾರಣ ತಿಳಿಯದ ನಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಸ್ತ್ರೀವಾದವು ಬಳಕೆಗೆ ತಂದ ಪದಗಳು ಇಂಥ ತಲೆಬರಹಗಳೇ ಆಗಿವೆ. ಹೆಸರಿಲ್ಲದ ದುಡಿಮೆಗೆ, ಹೆಸರಿಲ್ಲದ ಅನ್ಯಾಯಕ್ಕೆ, ಹೆಸರಿಲ್ಲದ ಹಕ್ಕಿಗೆ ಅವು ಹೆಸರು ಕೊಟ್ಟವು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಉದಾಹರಣೆಗಳಿಂದಲೇ ಇದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಂದು ಪದ, ಎರಡು ಅಧಿಕಾರ

ಅಂಗಡಿಯ ಒಡೆಯನನ್ನು ನಾವು 'ಯಜಮಾನರು' ಎನ್ನುತ್ತೇವೆ. ನಮ್ಮ ಮನೆಗಳ ಹೆಂಗಸರು ಗಂಡನನ್ನೂ 'ನಮ್ಮ ಯಜಮಾನರು' ಎಂದೇ ಕರೆಯುತ್ತಾರೆ. ಒಂದೇ ಪದ ಮಾಲೀಕನಿಗೂ ಪತಿಗೂ ಸಲ್ಲುತ್ತಿರುವುದನ್ನು ನಾವು ಗಮನಿಸುವುದಿಲ್ಲ, ಏಕೆಂದರೆ ಅದು ಅಷ್ಟು ರೂಢಿಗತವಾಗಿದೆ. ಗೌರವಕ್ಕಾಗಿ ಆಡುವ ಮಾತು ಇದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪಹಣಿ ಯಾರ ಹೆಸರಿನಲ್ಲಿರಬೇಕು, ಬ್ಯಾಂಕಿನ ಸಾಲಕ್ಕೆ ಯಾರು ಸಹಿ ಹಾಕಬೇಕು, ಹಾಲಿನ ಡೇರಿಯ ಸದಸ್ಯತ್ವ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗಳಿಗೆ ಈ ಪದವೇ ಮುಂಚಿತವಾಗಿ ಉತ್ತರ ಕೊಟ್ಟುಬಿಟ್ಟಿರುತ್ತದೆ.

ಪದ ಬದಲಾದರೆ ಏನಾಗುತ್ತದೆ ಎಂಬುದನ್ನು ಇತ್ತೀಚಿನ ವರ್ಷಗಳಲ್ಲಿ ನಾವೇ ಕಂಡಿದ್ದೇವೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಮಹಿಳೆಯನ್ನೇ ಕುಟುಂಬದ ಮುಖ್ಯಸ್ಥೆಯೆಂದು ಗುರುತಿಸಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯು ಅರ್ಹ ಕುಟುಂಬದ 'ಯಜಮಾನಿ'ಗೆ ತಿಂಗಳಿಗೆ 2,000 ರೂಪಾಯಿ ಗೊತ್ತುಪಡಿಸಿತು. ಯೋಜನೆಯ ಆರ್ಥಿಕ ಸಾಧಕ ಬಾಧಕಗಳ ಚರ್ಚೆ ಬೇರೆ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಸರ್ಕಾರಿ ಅರ್ಜಿಯ ಮೇಲೆ 'ಯಜಮಾನಿ' ಎಂಬ ಪದ ಬಂದ ಕೂಡಲೇ ಅವಳ ಹೆಸರಿನ ಬ್ಯಾಂಕ್ ಖಾತೆ ಅಗತ್ಯವಾಯಿತು, ಆ ಖಾತೆಗೆ ಹಣ ಬಂತು, ಆ ಹಣದಲ್ಲಿ ಒಂದಿಷ್ಟು ನಮ್ಮ ಪೇಟೆಗಳ ಕಿರಾಣಿ, ಬಟ್ಟೆ, ಪಾತ್ರೆ ಅಂಗಡಿಗಳಿಗೂ ಬಂತು. ಹೀಗೆ ಕಾಗದದ ಮೇಲಿನ ಒಂದು ಪದ ಕೊಳ್ಳುವವರು ಯಾರೆಂಬುದನ್ನು ಬದಲಿಸಿತು.

ಹೆಣ್ಣಾಳು, ಗಂಡಾಳು

ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಈ ಸೀಮೆಯಲ್ಲಿ ಬೇಸಾಯದ ಕೂಲಿಯನ್ನು ನಾವು ಎರಡು ಪದಗಳಿಂದ ಅಳೆಯುತ್ತೇವೆ: ಹೆಣ್ಣಾಳು, ಗಂಡಾಳು. ಇವು ಆಳಿನ ವಿವರಣೆಗಳೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ವ್ಯವಹಾರದಲ್ಲಿ ಇವು ಎರಡು ದರಗಳ ಹೆಸರು. ಬಗ್ಗಿ ನಾಟಿ ಹಾಕುವ, ಕಳೆ ಕೀಳುವ, ಕಬ್ಬಿನ ಸಿಪ್ಪೆ ಒಣಗಿಸುವ ಕೆಲಸ ಹಗುರವೇ ಎಂದು ಯಾರೂ ತೂಗಿ ನೋಡಿದವರಿಲ್ಲ. 'ಹೆಣ್ಣಾಳು' ಎಂದ ಕ್ಷಣದಲ್ಲಿಯೇ ಕೂಲಿ ಕಡಿಮೆಯೆಂದು ನಿರ್ಧಾರವಾಗಿರುತ್ತದೆ. ಒಂದೇ ಕೆಲಸಕ್ಕೆ ಒಂದೇ ವೇತನ ಎಂಬ ತತ್ತ್ವ ನಮ್ಮ ದೇಶದಲ್ಲಿ 1976ರ ಸಮಾನ ವೇತನ ಕಾಯ್ದೆಯಿಂದಲೇ ಕಾನೂನಾಗಿತ್ತು. ಅದರ ಸಾರವು ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಅಡಕವಾಗಿದೆ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ನಡೆದ ಕಾಮಗಾರಿಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಒಂದೇ ದರ ನಿಗದಿಯಾದದ್ದನ್ನೂ ನಾವು ಕಂಡೆವು. ಕಾನೂನು ಮುಂದೆ ಹೋದರೂ ಮಾತು ಹಿಂದೆಯೇ ಉಳಿದಿರುವುದರಿಂದ ಕೂಲಿಯೂ ಹಿಂದೆ ಉಳಿದಿದೆ.

ಮಳವಳ್ಳಿ, ಮದ್ದೂರು ತಾಲ್ಲೂಕುಗಳ ರೇಷ್ಮೆ ಹುಳು ಸಾಕಣೆ ಇನ್ನೊಂದು ಉದಾಹರಣೆ. ಮರಿಹುಳುವಿನಿಂದ ಮೊದಲ್ಗೊಂಡು ನಾಲ್ಕು ಜ್ವರಗಳನ್ನು ದಾಟಿ ಹುಳು ಹಣ್ಣಾಗುವವರೆಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕುವುದು, ಹಿಕ್ಕೆ ತೆಗೆದು ತಟ್ಟೆ ಶುಚಿ ಮಾಡುವುದು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು ಮುಂತಾದ ಕೆಲಸಗಳಲ್ಲಿ ಬಹುಪಾಲು ಮನೆಯ ಹೆಂಗಸರ ಕೈಯಲ್ಲಿ ಸಾಗುತ್ತವೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಹೊರಟಾಗ ಮಾತ್ರ ಜೊತೆಗೆ ಹೋಗುವವನು ಗಂಡಸು; ಚೀಟಿಯೂ ಹಣವೂ ಸಾಮಾನ್ಯವಾಗಿ ಅವನ ಹೆಸರಿಗೆ. ಆ ಹೆಂಗಸನ್ನು ಜನಗಣತಿಯವರು ಬಂದು ವಿಚಾರಿಸಿದರೆ ಮನೆಯವರು ಕೊಡುವ ಉತ್ತರ 'ಮನೆಯಲ್ಲಿ ಇದ್ದಾಳೆ' ಎಂಬುದೇ. ಹಸು ಕಟ್ಟುವ, ಹಾಲು ಕರೆಯುವ, ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಹಾಲು ಸೇರುವಂತೆ ಮಾಡುವ ಹೆಣ್ಣಿನ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಮಹಿಳೆಯರದೇ ಆದ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿದ ಮೇಲೆ ಮಾತ್ರ ಈ ದುಡಿಮೆಯ ಒಂದು ಭಾಗ ಪಾಸ್ ಪುಸ್ತಕಕ್ಕೆ ಏರಿತು.

'ಮನೆಯಲ್ಲಿ ಇದ್ದಾಳೆ' ಎಂಬ ಮಾತಿನ ಹಿಂದೆ ಎಷ್ಟು ದುಡಿಮೆ ಅಡಗಿದೆ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷಗಳನ್ನೂ ಗಂಡಸರು 88 ನಿಮಿಷಗಳನ್ನೂ ವ್ಯಯಿಸುತ್ತಾರೆ. 2019ರಲ್ಲಿ ಈ ಅಂಕಿಗಳು ಕ್ರಮವಾಗಿ 299 ಮತ್ತು 97 ಆಗಿದ್ದವು. ದಿನಕ್ಕೆ ಸುಮಾರು ಐದು ಗಂಟೆಗಳ ಈ ಕೆಲಸಕ್ಕೆ 'ವೇತನರಹಿತ ದುಡಿಮೆ' ಎಂಬ ಹೆಸರನ್ನು ಚಲಾವಣೆಗೆ ತಂದವರು ಸ್ತ್ರೀವಾದಿ ಚಿಂತಕರು. ಆ ಹೆಸರು ಬಂದ ಮೇಲೆಯೇ ಸರ್ಕಾರಗಳು ಅದನ್ನು ಅಳೆಯಲು ಮುಂದಾದವು. ಬೆಳಗಿನ ಜಾವ ಎದ್ದು ಅಡಿಗೆ ಮುಗಿಸಿ ಬಿಡದಿ, ಬೆಂಗಳೂರು ಕಡೆಯ ಸಿದ್ಧ ಉಡುಪು ಕಾರ್ಖಾನೆಗಳಿಗೆ ಹೊರಡುವ ಮದ್ದೂರು ಸೀಮೆಯ ಹೆಣ್ಣುಮಕ್ಕಳು ಒಂದು ದಿನಕ್ಕೆ ಎರಡು ಪಾಳಿ ದುಡಿಯುತ್ತಿದ್ದಾರೆ ಎಂಬುದನ್ನು ಕಾರ್ಖಾನೆಯ ಹಾಜರಿ ಪುಸ್ತಕ ಹೇಳುವುದಿಲ್ಲ. ಆಗಾಗ್ಗೆ ಗೈರುಹಾಜರಿ, ಕೆಲಸ ಬಿಡುವುದು, ಮತ್ತೆ ಹೊಸಬರಿಗೆ ತರಬೇತಿ ಕೊಡುವುದು ಇವುಗಳ ಖರ್ಚಾಗಿ ಮಾತ್ರ ಉದ್ಯಮಿಗೆ ಅದು ಗೋಚರಿಸುತ್ತದೆ.

ಆಲೆಮನೆಯಲ್ಲಿ ನಡೆದ ವ್ಯಾಪಾರ

ಬೆಲ್ಲ ಮಂಡ್ಯದ ಗುರುತು. ಇಲ್ಲಿನ ಆಲೆಮನೆಗಳ ಅಚ್ಚು ಬೆಲ್ಲವೂ ಬಕೆಟ್ ಬೆಲ್ಲವೂ ದೂರದ ಊರುಗಳಲ್ಲಿ ಈ ಜಿಲ್ಲೆಗೆ ಹೆಸರು ತಂದಿವೆ. ಅಂಥ ಒಂದು ಆಲೆಮನೆಯ ಹೆಸರು 2023ರ ಕೊನೆಯಲ್ಲಿ ರಾಜ್ಯದಾದ್ಯಂತ ಬೇರೊಂದು ಕಾರಣಕ್ಕೆ ಕೇಳಿಬಂತು. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಸಂಶಯದ ಮೇಲೆ ಒಂದು ಕಾರನ್ನು ತಡೆದು ವಿಚಾರಿಸಿದಾಗ, ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಪತ್ತೆಮಾಡುತ್ತಿದ್ದ ಜಾಲ ಬೆಳಕಿಗೆ ಬಂತು. ಹೆಣ್ಣೆಂದು ತಿಳಿದವರನ್ನು ಮೈಸೂರಿಗೆ ಕಳಿಸಿ ಗರ್ಭಪಾತ ಮಾಡಿಸಲಾಗುತ್ತಿತ್ತು. ಮೂರು ವರ್ಷಗಳಲ್ಲಿ ಸುಮಾರು 900 ಗರ್ಭಪಾತಗಳು ನಡೆದಿವೆಯೆಂದು ಪೊಲೀಸರು ಅಂದು ತಿಳಿಸಿದರು. ಪ್ರಕರಣದ ತನಿಖೆಯನ್ನು ಸರ್ಕಾರ ಸಿಐಡಿಗೆ ಒಪ್ಪಿಸಿತು. ಮರುವರ್ಷ, 2024ರ ಮೇ ತಿಂಗಳಲ್ಲಿ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲಿಯೇ ಇಂಥದೇ ಇನ್ನೊಂದು ಪ್ರಕರಣ ಬಯಲಾಯಿತು.

ಈ ಕೃತ್ಯದಿಂದ ಆಲೆಮನೆಯ ಕಸುಬಿಗೆ ಕಳಂಕ ತಟ್ಟಬೇಕಾಗಿಲ್ಲ. ಆದರೆ ಇದು ವ್ಯಾಪಾರವಾಗಿತ್ತೆಂಬುದನ್ನು ವ್ಯಾಪಾರಸ್ಥರಾದ ನಾವು ಮರೆಮಾಚಬಾರದು. ಇದಕ್ಕೆ ದಲ್ಲಾಳಿಗಳಿದ್ದರು, ದರವಿತ್ತು, ಸಾಗಣೆಯ ವ್ಯವಸ್ಥೆಯಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಗಿರಾಕಿಗಳಿದ್ದರು. ಗಿರಾಕಿಗಳನ್ನು ಸೃಷ್ಟಿಸಿದ್ದು ಒಂದು ಲೆಕ್ಕಾಚಾರ. 1980ರ ದಶಕದಲ್ಲಿ ಉತ್ತರದ ಕೆಲವು ನಗರಗಳ ಕ್ಲಿನಿಕ್‌ಗಳು ಇಂದು ಕೆಲವು ನೂರು ರೂಪಾಯಿ ವೆಚ್ಚ ಮಾಡಿದರೆ ಮುಂದೆ ಸಾವಿರಾರು ರೂಪಾಯಿಗಳ ವರದಕ್ಷಿಣೆ ಉಳಿಯುತ್ತದೆಂದು ಬಹಿರಂಗವಾಗಿಯೇ ಜಾಹೀರಾತು ಕೊಡುತ್ತಿದ್ದವು. ನಮ್ಮಲ್ಲಿ ಅದೇ ಲೆಕ್ಕ ಮೆಲುದನಿಯ ಮಾತುಗಳಲ್ಲಿ ಜೀವಂತವಾಗಿದೆ. ಹೆಣ್ಣು 'ಹೊರೆ', ಮದುವೆ 'ಹೊರೆ ಇಳಿಸುವುದು', ವರದಕ್ಷಿಣೆ 'ವರೋಪಚಾರ'. 1961ರಲ್ಲಿಯೇ ಅಪರಾಧವೆನಿಸಿದ ವ್ಯವಹಾರಕ್ಕೆ ಉಪಚಾರವೆಂಬ ಹೆಸರು ಕೊಟ್ಟರೆ ಅದನ್ನು ಬೇಡುವವನಿಗೆ ನಾಚಿಕೆಯಾಗುವುದಿಲ್ಲ, ಕೊಡುವವನಿಗೆ ದೂರು ಕೊಡಲು ಪದ ಸಿಗುವುದಿಲ್ಲ.

ಜನಗಣತಿಯ ಅಂಕಿಗಳನ್ನು ನೋಡಿದರೂ ಸಂಗತಿ ಸ್ಪಷ್ಟವಾಗುತ್ತದೆ. 2011ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 995 ಹೆಂಗಸರಿದ್ದರು. ಇಷ್ಟನ್ನೇ ನೋಡಿದವರು ಸಮಾಧಾನಪಡಬಹುದು. ಆದರೆ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಹೆಣ್ಣು 939 ಮಾತ್ರ. 2001ರಲ್ಲಿ ಇದು 934 ಆಗಿತ್ತು. ರಾಜ್ಯದ ಸರಾಸರಿ 2011ರಲ್ಲಿ 948. ಪ್ರಕೃತಿಸಹಜವಾಗಿ ಹುಟ್ಟುವ ಮಕ್ಕಳಲ್ಲಿ ಸಾವಿರ ಗಂಡಿಗೆ ಸುಮಾರು 950 ಹೆಣ್ಣು ಇರುತ್ತವೆಂಬುದನ್ನು ಗಮನದಲ್ಲಿಟ್ಟರೂ ಈ ಕೊರತೆ ತಾನಾಗಿ ಆದದ್ದಲ್ಲವೆಂಬ ಸಂಶಯ ಬಲವಾಗುತ್ತದೆ.

ಇಲ್ಲಿಯೂ ಭಾಷೆಯ ಪ್ರಶ್ನೆ ಮುಖ್ಯವಾದುದು. ನಾವು ಇದನ್ನು 'ಹೆಣ್ಣು ಭ್ರೂಣಹತ್ಯೆ' ಎನ್ನುತ್ತೇವೆ. ಸ್ತ್ರೀವಾದಿ ಕಾರ್ಯಕರ್ತೆಯರು ಅನೇಕರು ಇದರ ಬದಲು 'ಲಿಂಗ ಆಯ್ಕೆ' ಎಂಬ ಪದವೇ ಲೇಸು ಎನ್ನುತ್ತಾರೆ. ಇದು ಪಂಡಿತರ ಕೂದಲು ಸೀಳುವ ಚರ್ಚೆಯಲ್ಲ. ಗೊತ್ತುಪಡಿಸಿದ ಷರತ್ತುಗಳೊಳಗೆ ಗರ್ಭಪಾತವು 1971ರಿಂದಲೂ ನಮ್ಮಲ್ಲಿ ಕಾನೂನುಬದ್ಧ ಚಿಕಿತ್ಸೆ. 1994ರ ಕಾಯ್ದೆ ನಿಷೇಧಿಸಿರುವುದು ಲಿಂಗವನ್ನು ಪತ್ತೆಮಾಡಿ ಆರಿಸುವುದನ್ನು. 'ಹತ್ಯೆ' ಎಂದಾಗ ಬೆರಳು ತಾಯಿಯ ಕಡೆಗೆ ತಿರುಗುತ್ತದೆ. ನ್ಯಾಯಬದ್ಧ ಚಿಕಿತ್ಸೆ ಬೇಕಾದ ಹೆಣ್ಣೂ ಅಂಜುತ್ತಾಳೆ, ವೈದ್ಯರೂ ಹಿಂಜರಿಯುತ್ತಾರೆ. 'ಆಯ್ಕೆ' ಎಂದಾಗ ಆರಿಸಿದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಯಂತ್ರ ಮಾರಿದವನು, ಸ್ಥಳ ಕೊಟ್ಟವನು, ಒತ್ತಾಯಿಸಿದ ಮನೆಯವರು ಎಲ್ಲರೂ ಚಿತ್ರದೊಳಗೆ ಬರುತ್ತಾರೆ. ಆ ಕಾಯ್ದೆಯೇ, ವಿರುದ್ಧ ಸಾಬೀತಾಗುವವರೆಗೆ, ಗರ್ಭಿಣಿಯನ್ನು ಗಂಡ ಅಥವಾ ಬಂಧುಗಳು ಬಲವಂತಪಡಿಸಿದ್ದಾರೆಂದು ಭಾವಿಸುತ್ತದೆ. ನೋಂದಣಿಯಿಲ್ಲದವರಿಗೆ ಸ್ಕ್ಯಾನಿಂಗ್ ಯಂತ್ರ ಮಾರುವುದನ್ನೂ ಅದು ನಿಷೇಧಿಸಿದೆ. ಸರಿಯಾದ ಪದ ಸರಿಯಾದ ಅಪರಾಧಿಯನ್ನು ತೋರಿಸುತ್ತದೆ.

'ಹೆಣ್ಣು ಸಿಗುತ್ತಿಲ್ಲ'

ಆಲೆಮನೆಯ ಪ್ರಕರಣ ಬೆಳಕಿಗೆ ಬರುವ ಕೆಲವೇ ತಿಂಗಳ ಮೊದಲು, 2023ರ ಫೆಬ್ರವರಿಯಲ್ಲಿ, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಅವಿವಾಹಿತ ಯುವಕರ 'ಬ್ರಹ್ಮಚಾರಿಗಳ ಪಾದಯಾತ್ರೆ' ಹೊರಟಿತು. ಮೂವತ್ತು ದಾಟಿದರೂ ಮದುವೆಯಾಗದ, ಬಹುತೇಕ ಬೇಸಾಯಗಾರ ಕುಟುಂಬಗಳ ಗಂಡುಮಕ್ಕಳು ಕಂಕಣಭಾಗ್ಯಕ್ಕಾಗಿ ಮಾದಪ್ಪನಲ್ಲಿ ಮೊರೆಯಿಟ್ಟರು. ಅದಕ್ಕೂ ಮುಂಚೆ, 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಹೆಸರು ಕೊಟ್ಟ ವರರು 10,000ಕ್ಕೂ ಮಿಕ್ಕಿದ್ದರೆ ವಧುಗಳು 250ರ ಆಸುಪಾಸಿನಲ್ಲಿದ್ದರೆಂದು ಪತ್ರಿಕೆಗಳು ವರದಿ ಮಾಡಿದ್ದವು.

ಇದನ್ನು ಕೇಳಿ ನಕ್ಕವರು ಅನೇಕರು. ನಗುವ ಸಂಗತಿ ಇದಲ್ಲ. ಸುಮ್ಮನೆ ಆಲೆಮನೆಯ ಪಾಪಕ್ಕೆ ಗಂಟು ಹಾಕಿ ಮುಗಿಸುವ ಸಂಗತಿಯೂ ಅಲ್ಲ. ಲೆಕ್ಕ ಸರಿಯಾಗಿ ಇಡುವುದಾದರೆ, ಸಾವಿರಕ್ಕೆ ಹತ್ತಿಪ್ಪತ್ತು ಹೆಣ್ಣುಮಕ್ಕಳ ಕೊರತೆಯೊಂದರಿಂದಲೇ 10,000ಕ್ಕೆ 250 ಎಂಬ ಅಂತರ ಉಂಟಾಗದು. ಉಳಿದ ಅಂತರಕ್ಕೆ ಕಾರಣ, ಓದಿದ ಹೆಣ್ಣುಮಕ್ಕಳು ಬೇಸಾಯದ ಮನೆಗೆ ಹೋಗಲು ಒಪ್ಪದಿರುವುದು. ಕೃಷಿಯ ಆದಾಯ ಕುಸಿದಿರುವುದು ಇದಕ್ಕೊಂದು ಕಾರಣವೆಂಬುದು ನಿಜ. ಆದರೆ ಆ ಹುಡುಗಿಯ ಸ್ಥಾನದಲ್ಲಿ ನಿಂತು ಯೋಚಿಸಿದರೆ ಇನ್ನೊಂದು ಕಾರಣವೂ ಹೊಳೆಯುತ್ತದೆ. ಆ ಮನೆಯಲ್ಲಿ ಅವಳ ದುಡಿಮೆಗೆ ದುಡಿಮೆಯೆಂಬ ಹೆಸರಿಲ್ಲ; ಗದ್ದೆ ಅವಳ ಹೆಸರಿನಲ್ಲಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಪಾಲು ಸುಮಾರು ಶೇ. 14. 'ರೈತ' ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಗಂಡಸಿನ ಚಿತ್ರ. ಅವನ ಜೊತೆ ಬದುವಿನ ಮೇಲೆ ನಿಂತವಳು 'ರೈತನ ಹೆಂಡತಿ'. ವಿಶ್ವಸಂಸ್ಥೆಯು 2026ನೇ ವರ್ಷವನ್ನು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷವೆಂದು ಘೋಷಿಸಿರುವುದು ಈ ಹೆಸರನ್ನು ಸರಿಪಡಿಸುವ ಪ್ರಯತ್ನವೇ ಆಗಿದೆ.

ನಮ್ಮ ಕ್ರಿಯಾಪದಗಳನ್ನೂ ಒಮ್ಮೆ ಗಮನಿಸಬೇಕು. ಹೆಣ್ಣು 'ನೋಡುತ್ತೇವೆ', ಹೆಣ್ಣು 'ಕೊಡುತ್ತೇವೆ', ಹೆಣ್ಣು 'ತರುತ್ತೇವೆ'. ಈಗ ಹೆಣ್ಣು 'ಸಿಗುತ್ತಿಲ್ಲ'. ಇವೆಲ್ಲ ಸರಕಿಗೆ ಸಲ್ಲುವ ಮಾತುಗಳು. ಒಪ್ಪುವ ಅಥವಾ ಒಲ್ಲೆನೆನ್ನುವ ಅಧಿಕಾರವಿರುವ ವ್ಯಕ್ತಿಗೆ ಇವು ಸಲ್ಲುವುದಿಲ್ಲ. ಪಾದಯಾತ್ರೆ ಹೊರಟ ಯುವಕರಿಗೆ ಎದುರಾಗಿದ್ದ ಸಮಸ್ಯೆ ನಿಜವಾದದ್ದೇ. ಅದನ್ನು 'ಹೆಣ್ಣು ಸಿಗುತ್ತಿಲ್ಲ' ಎಂದು ಹೇಳುವವರೆಗೆ ಪರಿಹಾರ ದೇವರ ಕೈಯಲ್ಲಿರುತ್ತದೆ. 'ನಮ್ಮ ಮನೆಯ ಬಾಳು ಹೆಣ್ಣಿಗೆ ಒಪ್ಪಿಗೆಯಾಗುತ್ತಿಲ್ಲ' ಎಂದು ಹೇಳಿದ ದಿನ ಪರಿಹಾರದ ಒಂದು ಭಾಗ ನಮ್ಮ ಕೈಗೆ ಬರುತ್ತದೆ.

ಹಕ್ಕು ಮತ್ತು ಉಡುಗೊರೆ

ತವರಿನ ಆಸ್ತಿಯ ವಿಚಾರದಲ್ಲಿಯೂ ಮಾತು ಹಕ್ಕನ್ನು ಮರೆಮಾಚಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲುಂಟೆಂದು ಕರ್ನಾಟಕವು 1994ರಲ್ಲಿಯೇ ಕಾನೂನು ತಿದ್ದಿತು. ಕೇಂದ್ರವು 2005ರಲ್ಲಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದು, ತಂದೆ 2005ರಲ್ಲಿ ಬದುಕಿದ್ದರೇ ಎಂಬುದು ಮುಖ್ಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಆದರೂ ಮಗಳಿಗೆ ಏನನ್ನಾದರೂ ಕೊಟ್ಟರೆ ನಾವು ಹೇಳುವುದು 'ಅರಿಶಿನ ಕುಂಕುಮಕ್ಕೆ ಬಿಟ್ಟದ್ದು' ಎಂದು. ಪಾಲು ಕೇಳಿದವಳು 'ತವರಿನ ಬಾಗಿಲು ಮುಚ್ಚಿಕೊಂಡವಳು'. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದವಳು 'ಒಳ್ಳೆಯ ಮಗಳು'. ಉದ್ಯಮ ಆರಂಭಿಸಲು ಬ್ಯಾಂಕಿಗೆ ಬರುವ ಹೆಣ್ಣುಮಗಳ ಬಳಿ ಅಡಮಾನಕ್ಕೆ ಆಸ್ತಿಯಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಈ ಮಾತುಗಳಲ್ಲಿದೆ.

ಗಂಡಸರ ಖಾತೆಯಲ್ಲಿನ ನಷ್ಟ

ಸ್ತ್ರೀವಾದದಿಂದ ಗಂಡಸರಿಗೇನು ಲಾಭ ಎಂದು ಕೇಳುವುದುಂಟು. 2015ರಲ್ಲಿ ಕಬ್ಬಿನ ಬಾಕಿ ಮತ್ತು ಸಾಲದ ನಡುವೆ ಸಿಲುಕಿದ ಬೆಳೆಗಾರರ ಆತ್ಮಹತ್ಯೆಗಳು ಮಂಡ್ಯ ಜಿಲ್ಲೆಯನ್ನು ತಲ್ಲಣಗೊಳಿಸಿದುದನ್ನು ಯಾರೂ ಮರೆತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ಶೇ. 71.8ರಷ್ಟು ಗಂಡಸರು. ಇದಕ್ಕೆ ಕಾರಣಗಳು ಹಲವು. ಬೆಲೆ, ಸಾಲ, ಮಳೆ ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಮನೆಯ ಸಾಲವೆಷ್ಟೆಂಬುದನ್ನು ಹೆಂಡತಿಗೂ ಹೇಳದೆ ಒಬ್ಬನೇ ಹೊರಬೇಕೆಂದು, ಸೋತೆನೆಂದು ಹೇಳಿಕೊಳ್ಳುವುದು ಗಂಡಸುತನಕ್ಕೆ ಕುಂದೆಂದು, ಕಣ್ಣೀರು ಹೆಂಗಸಿನ ಲಕ್ಷಣವೆಂದು ಅವನಿಗೆ ಕಲಿಸಿದ್ದು ಅದೇ ಯಜಮಾನಿಕೆಯ ಭಾಷೆ. ಹೆಣ್ಣನ್ನು ಹೊರೆಯೆಂದು ಕರೆದ ವ್ಯವಸ್ಥೆ ಗಂಡಸನ್ನು ಹೊರೆಯಾಳಾಗಿ ಮಾಡಿದೆ. ಲೆಕ್ಕ ಗೊತ್ತಿರುವ ಇಬ್ಬರು ಮನೆಯಲ್ಲಿದ್ದರೆ ಸಂಕಟ ಅರ್ಧವಾಗುತ್ತದೆಂಬುದು ಪಾಲುದಾರಿಕೆ ವ್ಯವಹಾರ ನಡೆಸಿದ ಯಾರಿಗಾದರೂ ತಿಳಿದ ವಿಷಯ.

ತಮಾಷೆಯೆಂಬ ಮುಸುಕು

ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಹಿಂಸೆಗೆ ಬಹುಕಾಲ 'ತಮಾಷೆ', 'ಚುಡಾಯಿಸುವುದು' ಎಂಬ ಹಗುರ ಮಾತುಗಳೇ ಇದ್ದವು. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಶ್ರಮಿಸಿದ ಭಂವರಿ ದೇವಿಯವರ ಮೇಲೆ 1992ರಲ್ಲಿ ನಡೆದ ಅತ್ಯಾಚಾರದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. 1997ರ ವಿಶಾಖಾ ತೀರ್ಪು 'ಲೈಂಗಿಕ ಕಿರುಕುಳ'ವೆಂದರೇನೆಂದು ವ್ಯಾಖ್ಯಾನಿಸಿತು. 2013ರಲ್ಲಿ ಅದು ಕಾಯ್ದೆಯಾಯಿತು. ಹೆಸರು ದೊರೆತ ಮೇಲೆ ದೂರಿಗೆ ದಾರಿಯಾಯಿತು.

ಈ ಕಾಯ್ದೆಯ ಅಂಶಗಳನ್ನು ನಮ್ಮ ಸದಸ್ಯರು ಅವಶ್ಯ ತಿಳಿದಿರಬೇಕು. ಹತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯೂ, ಅದು ಅಕ್ಕಿ ಗಿರಣಿಯಾಗಲಿ, ಜವಳಿ ಅಂಗಡಿಯಾಗಲಿ, ಆಸ್ಪತ್ರೆ ಅಥವಾ ಶಾಲೆಯಾಗಲಿ, ಆಂತರಿಕ ಸಮಿತಿಯನ್ನು ರಚಿಸಬೇಕು. ಹಿರಿಯ ಮಹಿಳಾ ನೌಕರರೊಬ್ಬರು ಅದರ ಅಧ್ಯಕ್ಷೆಯಾಗಿರಬೇಕು; ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು; ಹೊರಗಿನ ಒಬ್ಬ ಸದಸ್ಯರೂ ಬೇಕು. ಸಮಿತಿ ರಚಿಸದಿದ್ದಲ್ಲಿ 50,000 ರೂಪಾಯಿಗಳವರೆಗೆ ದಂಡವಿದೆ. ಹತ್ತಕ್ಕಿಂತ ಕಡಿಮೆ ನೌಕರರಿರುವಲ್ಲಿ ಅಥವಾ ದೂರು ಮಾಲೀಕರ ಮೇಲೆಯೇ ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು.

ಈ ಮಾತು ಪರಕೀಯವೇ?

ಸ್ತ್ರೀವಾದ ಪಶ್ಚಿಮದಿಂದ ಬಂದ ಸರಕೆಂಬ ಆಕ್ಷೇಪಣೆಯೂ ಕೇಳಿಬರುತ್ತದೆ. ಪದ ಹೊಸದಿರಬಹುದು, ವಿಚಾರ ನಮ್ಮ ಮಣ್ಣಿಗೆ ಹೊಸದಲ್ಲ. ಹನ್ನೆರಡನೇ ಶತಮಾನದಲ್ಲಿ ಆಯ್ದಕ್ಕಿ ಲಕ್ಕಮ್ಮ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ತಡೆದು ಅದನ್ನು ಹಿಂದಿರುಗಿಸುವಂತೆ ಹೇಳಿದಳು. ಮನೆಯ ಲೆಕ್ಕವನ್ನೂ ಧರ್ಮವನ್ನೂ ಅವಳೇ ನಿರ್ಧರಿಸಿದಳು. ಹದಿನೇಳನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ, ಮಳವಳ್ಳಿಗೆ ದೂರವಲ್ಲದ ಯಳಂದೂರಿನ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ರಚಿಸಿದಳು. ಪತಿವ್ರತೆಯ ಕರ್ತವ್ಯಗಳನ್ನು ಬೋಧಿಸುವ ಆ ಕೃತಿಯಲ್ಲಿಯೇ, ಹೆಣ್ಣೆಂದು ಹೀಗಳೆಯುವವರನ್ನು ಅವಳು ಪ್ರಶ್ನಿಸಿದ್ದಾಳೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಾಲವಿಧವೆಯಾದ ನಂಜನಗೂಡು ತಿರುಮಲಾಂಬ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನೂ 'ಕರ್ಣಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿ ಲೇಖಕಿ, ಸಂಪಾದಕಿ, ಪ್ರಕಾಶಕಿಯಾದರು. ಅವರು ಕನ್ನಡದ ಮಹಿಳಾ ಉದ್ಯಮಿಗಳಲ್ಲಿ ಮೊದಲಿಗರ ಸಾಲಿಗೆ ಸೇರಬೇಕಾದವರು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಮಾತನ್ನು ತಿದ್ದಿಕೊಳ್ಳುವುದು ಉಪದೇಶದಿಂದ ಆಗುವ ಕೆಲಸವಲ್ಲ; ಕಾಗದಪತ್ರಗಳಿಂದ ಆರಂಭಿಸುವುದು ಸುಲಭ. ಮೊದಲನೆಯದಾಗಿ, ಕೂಲಿ ಪುಸ್ತಕದಲ್ಲಿ ಹೆಣ್ಣಾಳು, ಗಂಡಾಳು ಎಂಬ ಕಾಲಂಗಳನ್ನು ತೆಗೆದು ಕೆಲಸದ ಹೆಸರಿನಲ್ಲಿ ದರ ಬರೆಯಬೇಕು. ಎರಡನೆಯದಾಗಿ, ಹೆಂಡತಿ ಅಥವಾ ಮಗಳು ಗಲ್ಲಾದ ಮೇಲೆ ಕೂತು ದುಡಿಯುವ ಅಂಗಡಿಗಳಲ್ಲಿ ಅವರ ಹೆಸರು ಪಾಲುದಾರಿಕೆ ಪತ್ರದಲ್ಲಿಯೋ ಸಂಬಳದ ಪಟ್ಟಿಯಲ್ಲಿಯೋ ಕಾಣಬೇಕು. ಮೂರನೆಯದಾಗಿ, ಆಂತರಿಕ ಸಮಿತಿಯ ಸದಸ್ಯರ ಹೆಸರುಗಳನ್ನು ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ಪ್ರಕಟಿಸಬೇಕು. ನಾಲ್ಕನೆಯದಾಗಿ, 50 ಅಥವಾ ಹೆಚ್ಚು ನೌಕರರಿರುವ ಘಟಕಗಳು ಶಿಶುಪಾಲನಾ ಕೇಂದ್ರವನ್ನು ಕಾನೂನಿನ ಒತ್ತಾಯವೆಂದು ಮಾತ್ರ ನೋಡದೆ, ಅನುಭವಿ ಕೆಲಸಗಾರ್ತಿಯರನ್ನು ಉಳಿಸಿಕೊಳ್ಳುವ ವೆಚ್ಚವೆಂದು ಪರಿಗಣಿಸಬೇಕು. ಐದನೆಯದಾಗಿ, ಖಾಲಿ ಬಿದ್ದ ಆಲೆಮನೆ, ಗೋದಾಮು, ಮಳಿಗೆಗಳನ್ನು ಬಾಡಿಗೆಗೆ ಕೊಡುವವರು ಅಲ್ಲಿ ನಡೆಯುವುದೇನೆಂದು ವಿಚಾರಿಸಿಯೇ ಕೊಡಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಬಂಡವಾಳ ಬೇಕಾಗಿಲ್ಲ.

2023ರ ಒಂದೇ ವರ್ಷದಲ್ಲಿ ನಮ್ಮ ಜಿಲ್ಲೆಯ ಒಂದು ಕಡೆ ಹೆಣ್ಣು ಸಿಗಲೆಂದು ಗಂಡುಮಕ್ಕಳು ಬೆಟ್ಟ ಹತ್ತಿದರು. ಇನ್ನೊಂದು ಕಡೆ ಹೆಣ್ಣು ಹುಟ್ಟದಿರಲೆಂದು ತುಂಬು ಬಸುರಿಯರನ್ನಲ್ಲದಿದ್ದರೂ ಗರ್ಭಿಣಿಯರನ್ನು ಆಲೆಮನೆಗೆ ಕರೆದೊಯ್ಯಲಾಯಿತು. ಎರಡೂ ಒಂದೇ ಪುಸ್ತಕದ ಎರಡು ಪುಟಗಳು. ಆ ಪುಸ್ತಕದಲ್ಲಿ ಹೆಣ್ಣನ್ನು ಖರ್ಚಿನ ಬಾಬ್ತಿನಲ್ಲಿ ಬರೆದಿರುವವರೆಗೆ ಲೆಕ್ಕ ತಾಳೆಯಾಗುವುದಿಲ್ಲ. ಅವಳ ದುಡಿಮೆ, ಹಕ್ಕು ಮತ್ತು ಒಪ್ಪಿಗೆಗಳಿಗೆ ಸರಿಯಾದ ಹೆಸರುಗಳಲ್ಲಿ ಖಾತೆ ತೆರೆಯುವ ಕೆಲಸವನ್ನು, ಲೆಕ್ಕ ಬಲ್ಲವರಾದ ವ್ಯಾಪಾರಸ್ಥರೇ ಮೊದಲು ಆರಂಭಿಸುವುದು ಉಚಿತ.